ಪಿಕಪ್ ಗಾಡಿಗೆ ದಪ್ಪ ದನಿಯ ಸೈಲೆನ್ಸರ್: ಬಳ್ಳಾರಿಯಲ್ಲಿ ಕೇಳಿ ನೋಡಿ ಹಾಕಿಸಿಕೊಂಡದ್ದರ ವಿಮರ್ಶೆ

ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಡಬಲ್ ಕ್ಯಾಬಿನ್ ಪಿಕಪ್ ಇಟ್ಟುಕೊಂಡವರಲ್ಲಿ ಕಂಪನಿಯ ಸೈಲೆನ್ಸರ್ ಬಿಚ್ಚಿಸಿ ದನಿ ಹೆಚ್ಚಿರುವ ಇನ್ನೊಂದನ್ನು ಹಾಕಿಸುವವರು ಸಾಕಷ್ಟು ಮಂದಿ ಇದ್ದಾರೆ. ನಾನೂ ಹಾಕಿಸಿಕೊಂಡಿದ್ದೇನೆ. ನನ್ನದು ಬಿಎಸ್–4 (ಹೊಗೆಯ ಮಿತಿಯ ಹಿಂದಿನ ಸರ್ಕಾರಿ ಮಾನದಂಡ) ಕಾಲದ ಇಸುಜು ವಿ-ಕ್ರಾಸ್, 2.5 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್, 134 ಅಶ್ವಶಕ್ತಿ, 320 ನ್ಯೂಟನ್ ಮೀಟರ್ ಟಾರ್ಕ್. ನಾನು ಕೇಳಿ ನೋಡಿದ ಮೂರು ಬಗೆಯ ಸೈಲೆನ್ಸರ್‌ಗಳು, ಕೊನೆಗೆ ಆಯ್ದುಕೊಂಡ ಒಂದು, ಅದನ್ನು ಕೂರಿಸಿಕೊಟ್ಟ ಕೌಲ್ ಬಜಾರಿನ ಅಂಗಡಿಯ ಕೆಲಸ, ಈ ಮೂರರ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೈಲೆನ್ಸರನ್ನು ಅಂಗಡಿಯ ಮುಂದೆ ನಿಂತ ಗಾಡಿಯಲ್ಲಿ ಕೇಳಿ ಆರಿಸಬಾರದು. ನಾವು ದಿನವೂ ಓಡಿಸುವ ವೇಗದಲ್ಲಿ, ಗಾಜು ಏರಿಸಿ, ಒಳಗೆ ಕುಳಿತು ಕೇಳಿ ಆರಿಸಬೇಕು. ಉಳಿದ ಎಲ್ಲ ಲೆಕ್ಕಗಳೂ ಇದರ ಹಿಂದೆಯೇ ಬರುತ್ತವೆ.

ಎಂಜಿನ್ನಿನ ದನಿಯ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಗೇರ್ ಬದಲಿಸಿ ಆಕ್ಸಿಲರೇಟರ್ ಒತ್ತಿದಾಗ ಗಾಡಿ ತನ್ನ ಭಾರವನ್ನು ಎಳೆಯುತ್ತಿರುವುದು ಕಿವಿಗೆ ತಿಳಿಯಬೇಕು ಎಂಬುದು ನನ್ನ ಆಸೆ. ಕಂಪನಿಯವರು ಕೊಟ್ಟ ಸೈಲೆನ್ಸರ್ ಆ ಮಟ್ಟಿಗೆ ತೀರಾ ಮೆತ್ತಗಿತ್ತು. ಬಾನೆಟ್ಟಿನ ಕೆಳಗಿನ ಡೀಸೆಲ್ ಕಟಕಟ ಶಬ್ದವೇ ಮುಂದಾಗಿ, ಹಿಂದಿನ ಕೊಳವೆಯಿಂದ ಬರಬೇಕಾದ ಗಂಭೀರವಾದ ದನಿ ಕೇಳಿಸುತ್ತಲೇ ಇರಲಿಲ್ಲ. ಆದ್ದರಿಂದ ದನಿ ಬೇಕೆನ್ನುವವರನ್ನು ಹಳಿಯುವ ಉದ್ದೇಶ ಈ ಬರಹಕ್ಕಿಲ್ಲ. ಎಂಥ ದನಿ, ಎಷ್ಟು ದನಿ, ಯಾವ ಬೆಲೆ ತೆತ್ತು ಎಂಬುದಷ್ಟೇ ಪ್ರಶ್ನೆ.

ಮೊದಲು ಒಂದು ನಿರೀಕ್ಷೆಯನ್ನು ಸರಿಪಡಿಸಿಕೊಳ್ಳಬೇಕಾಗಿದೆ. ಅಂಗಡಿಗೆ ಬರುವ ಹುಡುಗರು ಮೊಬೈಲಿನಲ್ಲಿ ಅಮೆರಿಕದ ಪಿಕಪ್‌ಗಳ ವಿಡಿಯೊ ತೋರಿಸಿ ‘ಇದೇ ಸೌಂಡ್ ಬೇಕು’ ಎನ್ನುತ್ತಾರೆ. ಆ ಗಾಡಿಗಳಲ್ಲಿರುವುದು ಬಹುಮಟ್ಟಿಗೆ ಎಂಟು ಸಿಲಿಂಡರಿನ ವಿ–8 ಪೆಟ್ರೋಲ್ ಎಂಜಿನ್: ಫೋರ್ಡ್ ಎಫ್–150ಯಲ್ಲಿ 5 ಲೀಟರಿನದು, ಶೆವ್ರೊಲೆ ಸಿಲ್ವರಾಡೊದಲ್ಲಿ 5.3 ಲೀಟರಿನದು, ರಾಮ್‌ನಲ್ಲಿ 5.7 ಲೀಟರಿನದು. ಅವುಗಳ ಕ್ರ್ಯಾಂಕ್‌ಶಾಫ್ಟಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ರಚನೆಯಿಂದಾಗಿ ಒಂದೊಂದು ಬದಿಯ ನಾಲ್ಕು ಸಿಲಿಂಡರುಗಳಿಂದ ಹೊಗೆಯ ಬಡಿತಗಳು ಸಮ ಅಂತರದಲ್ಲಿ ಹೊರಬರುವುದಿಲ್ಲ. ಎರಡು ಹತ್ತಿರ ಹತ್ತಿರ, ಮತ್ತೊಂದು ದೂರ. ಗುಳುಗುಳು ಎನ್ನುವ ಆ ಪ್ರಸಿದ್ಧ ದನಿ ಹುಟ್ಟುವುದೇ ಈ ಅಸಮತೆಯಿಂದ. ನಮ್ಮಲ್ಲಿ ಓಡುವ ಪಿಕಪ್‌ಗಳದು, ಬೊಲೆರೊ ಆಗಲಿ, ವಿ-ಕ್ರಾಸ್ ಆಗಲಿ, ಹೈಲಕ್ಸ್ ಆಗಲಿ, ಸಾಲಾಗಿ ನಿಂತ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಇದರಲ್ಲಿ ಬಡಿತಗಳು ಸಮ ಅಂತರದಲ್ಲಿ ಬರುತ್ತವೆ. ಮೇಲಾಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇರುತ್ತದೆ. ಹೊಗೆಯ ಒತ್ತಡದಿಂದಲೇ ಟರ್ಬೊ ತಿರುಗುವುದರಿಂದ, ಬಡಿತದ ಕಸುವಿನ ದೊಡ್ಡ ಪಾಲು ಸೈಲೆನ್ಸರ್ ಮುಟ್ಟುವ ಮೊದಲೇ ಖರ್ಚಾಗಿಹೋಗಿರುತ್ತದೆ. ಹೀಗಾಗಿ ಬೋರ್ಲಾ, ಮ್ಯಾಗ್ನಾಫ್ಲೋ, ಫ್ಲೋಮಾಸ್ಟರ್ ಮುಂತಾದ ಅಮೆರಿಕದ ಹೆಸರುಗಳ ಮಫ್ಲರನ್ನೇ (ಸೈಲೆನ್ಸರಿನಲ್ಲಿ ದನಿ ತಗ್ಗಿಸುವ ಡಬ್ಬಿ) ತರಿಸಿ ಹಾಕಿದರೂ ನಮ್ಮ ಗಾಡಿ ವಿ–8 ಆಗಿ ಮಾತನಾಡುವುದಿಲ್ಲ. ನಮಗೆ ಸಿಗಬಹುದಾದದ್ದು ತಗ್ಗಿದ ಸ್ಥಾಯಿಯ, ಒಂದೇ ಸಮನೆಯ ಗುಡುಗುವ ದನಿ ಮತ್ತು ಅದರ ಮೇಲೆ ಟರ್ಬೊದ ಸಿಳ್ಳೆ. ನನ್ನ ಮಟ್ಟಿಗೆ ಅದು ಚೆಂದದ ದನಿಯೇ. ಅದನ್ನು ಅದಕ್ಕಾಗಿಯೇ ಬಯಸುವವರು ಮಾತ್ರ ಹಣ ಹಾಕಬೇಕು.

ನಾನು ಕೇಳಿದ ಮೊದಲನೆಯ ಬಗೆ, ಮಫ್ಲರ್ ಪೂರ್ತಿ ತೆಗೆದು ನೇರ ಪೈಪ್ ಬೆಸೆಯುವುದು. ಬಳ್ಳಾರಿಯಲ್ಲಿ ಇದು ಅತ್ಯಂತ ಅಗ್ಗದ ಕೆಲಸ. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಪರಿಚಯದವರ ಗಾಡಿಯೊಂದರಲ್ಲಿ ಇದನ್ನು ಹಾಕಿಸಿದ್ದರು, ನಾನು ಓಡಿಸಿ ನೋಡಿದೆ. ನಿಂತಲ್ಲಿ ಆಕ್ಸಿಲರೇಟರ್ ಒತ್ತಿದರೆ ಅಬ್ಬರ ಬಹಳ, ಆದರೆ ಅದರಲ್ಲಿ ದಪ್ಪವಿಲ್ಲ. ತೆಳುವಾದ ತಗಡಿನ ಪೈಪು ಆದ್ದರಿಂದ ಖಾಲಿ ಎಣ್ಣೆ ಡಬ್ಬಿ ಬಡಿದ ಹಾಗೆ ಒಡಕು ಸದ್ದು. ಆ ಪೈಪನ್ನು ಹಿಡಿದು ನಿಲ್ಲಿಸುವ ಹ್ಯಾಂಗರ್ ರಬ್ಬರಿನ ಕೊಕ್ಕೆಯನ್ನೂ ಬೇರೊಂದು ಅಂಗಡಿಯವರು ತೆಳು ಸರಳಿನಲ್ಲಿ ಮಾಡಿ ಬೆಸೆದಿದ್ದರು. ಕೆಲವೇ ದಿನಗಳಲ್ಲಿ ಬೆಸುಗೆ ಬಿಟ್ಟು ಪೈಪು ಹಿಂದಿನ ಆಕ್ಸಲಿಗೆ ತಾಗಿ ಕುಟ್ಟಲು ಆರಂಭಿಸಿತು. ಈ ಬಗೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದ ಪ್ರಕಾರ ಪ್ರತಿಯೊಂದು ಮೋಟಾರು ವಾಹನದಲ್ಲೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಮಫ್ಲರೇ ಇಲ್ಲದ ಗಾಡಿಯ ಪರವಾಗಿ ವಾದಿಸಲು ಏನೂ ಉಳಿಯುವುದಿಲ್ಲ.

ಎರಡನೆಯದು ಕೋಣೆಗಳಿರುವ ಮಫ್ಲರ್. ಇದರ ಒಳಗೆ ಅಡ್ಡ ತಗಡುಗಳಿದ್ದು, ಹೊಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ತಿರುಗಿ ತಿರುಗಿ ಹೋಗುವಾಗ ಶಬ್ದದ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ತಗ್ಗುತ್ತವೆ. ಕಂಪನಿಯ ಸೈಲೆನ್ಸರ್ ಕೂಡ ಮೂಲತಃ ಇದೇ ತತ್ತ್ವದ್ದು. ಹೊರಗಿನದರಲ್ಲಿ ಕೋಣೆಗಳು ಕಡಿಮೆ, ಹಾದಿ ಅಗಲ. ಇದರ ಗುಣವೆಂದರೆ ಸುಟ್ಟುಹೋಗುವ ಪದಾರ್ಥ ಒಳಗೆ ಏನೂ ಇಲ್ಲ, ಆದ್ದರಿಂದ ದನಿ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ದನಿಯಲ್ಲಿ ಸ್ವಲ್ಪ ಗಡಸುತನ ಇರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಅದು ಒಪ್ಪುತ್ತದೆ, ಡೀಸೆಲ್ಲಿಗೆ ಅಷ್ಟಾಗಿ ಒಪ್ಪುವುದಿಲ್ಲ ಎಂದು ನನಗನ್ನಿಸಿತು.

ಮೂರನೆಯದು, ನಾನು ಕೊನೆಗೆ ಒಪ್ಪಿದ್ದು, ಜಾಲರಿ ಪೈಪಿನ ಮಫ್ಲರ್. ಹೊರಗಿನ ಡಬ್ಬಿಯ ನಡುವೆ ತೂತುಗಳಿರುವ ಒಂದು ನೇರ ಪೈಪ್ ಹಾದುಹೋಗುತ್ತದೆ. ಪೈಪಿಗೂ ಡಬ್ಬಿಗೂ ನಡುವಿನ ಜಾಗದಲ್ಲಿ ಗ್ಲಾಸ್ ವೂಲ್ ಅಥವಾ ಸ್ಟೀಲಿನ ನಾರು ತುಂಬಿರುತ್ತಾರೆ. ಹೊಗೆ ನೇರವಾಗಿ ಸಾಗುತ್ತದೆ, ಚೂಪಾದ ಸದ್ದನ್ನು ನಾರು ಹೀರಿಕೊಳ್ಳುತ್ತದೆ, ತಗ್ಗಿದ ಸ್ಥಾಯಿ ಉಳಿಯುತ್ತದೆ. ಡೀಸೆಲ್ಲಿನ ಕಟಕಟ ಹಿಂದಿನಿಂದ ಕೇಳಿಸುವುದು ನಿಂತು, ದನಿ ದುಂಡಗಾಗುತ್ತದೆ. ಇದರ ದೌರ್ಬಲ್ಯ ಆ ನಾರಿನಲ್ಲಿಯೇ ಇದೆ. ಕಾಲಕ್ರಮದಲ್ಲಿ ನಾರು ಸುಟ್ಟು ಉದುರುತ್ತದೆ, ಡೀಸೆಲ್ ಮಸಿ ಕೂತು ಅದರ ಹೀರುವ ಗುಣವೂ ಕುಂದುತ್ತದೆ, ದನಿ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತದೆ. ಆದ್ದರಿಂದ ಕೊಳ್ಳುವಾಗ ‘ಇದನ್ನು ಬಿಚ್ಚಿ ನಾರು ಮತ್ತೆ ತುಂಬಲು ಬರುತ್ತದೆಯೇ’ ಎಂದು ಕೇಳಬೇಕು. ಮುಚ್ಚಳವನ್ನು ಬೆಸೆದುಬಿಟ್ಟದ್ದಾದರೆ ಬರುವುದಿಲ್ಲ. ರಿವೆಟ್ ಅಥವಾ ಬೋಲ್ಟ್ ಹಾಕಿದ್ದಾದರೆ ಬರುತ್ತದೆ. ನಾನು ಬೋಲ್ಟ್ ಇರುವುದನ್ನೇ ಕೇಳಿ ಮಾಡಿಸಿಕೊಂಡೆ.

ಇನ್ನು ನಿಜವಾದ ತೊಂದರೆಯ ವಿಷಯಕ್ಕೆ ಬರೋಣ. ದನಿ ಹೆಚ್ಚಿಸಿದ ಬಹುತೇಕ ಪಿಕಪ್‌ಗಳಲ್ಲಿ ಒಂದು ನಿರ್ದಿಷ್ಟ ವೇಗ ಬಂದ ಕೂಡಲೇ ಕ್ಯಾಬಿನ್ನಿನ ಒಳಗೆ ‘ಗುಂ’ ಎಂಬ ಎಡೆಬಿಡದ ಮೊರೆತ ತುಂಬಿಕೊಳ್ಳುತ್ತದೆ. ಹೊರಗೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ. ಇದರ ಕಾರಣ ಸರಳ ಲೆಕ್ಕದ್ದು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಡಿತ ಕೊಡುತ್ತದೆ. ನಿಮಿಷಕ್ಕೆ 2,000 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 33 ಸುತ್ತು, ಅಂದರೆ ಸುಮಾರು 67 ಬಡಿತ. ಅದೇ 67 ಹರ್ಟ್ಸ್‌ನ ದನಿ. ಕ್ಯಾಬಿನ್ ಎಂಬ ಮುಚ್ಚಿದ ಪೆಟ್ಟಿಗೆಯೂ, ಸೈಲೆನ್ಸರಿನ ಪೈಪೂ ಆಸುಪಾಸಿನ ಇಂಥ ತಗ್ಗಿದ ಸ್ಥಾಯಿಗಳಲ್ಲಿ ಅನುರಣಿಸುತ್ತವೆ. ನನ್ನ ಗಾಡಿ ಹೆದ್ದಾರಿಯಲ್ಲಿ ಹಾಯಾಗಿ ಓಡುವುದು 2,000 ಸುತ್ತುಗಳ ಆಸುಪಾಸಿನಲ್ಲಿಯೇ. ಯಾವ ವೇಗದಲ್ಲಿ ಗಂಟೆಗಟ್ಟಲೆ ಕುಳಿತಿರುತ್ತೇವೋ ಅದೇ ವೇಗದಲ್ಲಿ ಮೊರೆತ ಬಂದರೆ ತಲೆ ಸಿಡಿಯುತ್ತದೆ, ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರು ಮರುದಿನ ಗಾಡಿ ಹತ್ತುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ಗಾಜು ಇಳಿಸಿ ಓಡಿಸುವ ಹಾಗಿಲ್ಲ. ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ತೋರಣಗಲ್ಲು–ಸಂಡೂರು ಕಡೆ ಅದಿರಿನ ಕೆಂಪು ಧೂಳು. ವರ್ಷದ ಬಹುಭಾಗ ಗಾಜು ಏರಿಸಿ ಎ.ಸಿ. ಹಾಕಿಕೊಂಡೇ ಹೋಗಬೇಕು. ಮುಚ್ಚಿದ ಕ್ಯಾಬಿನ್ನಿನಲ್ಲಿ ಮೊರೆತಕ್ಕೆ ಹೊರಹೋಗುವ ದಾರಿ ಇರುವುದಿಲ್ಲ.

ಕೌಲ್ ಬಜಾರಿನ ಮೇಸ್ತ್ರಿಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಇದೇ ವಿಷಯದಲ್ಲಿ. ಮಫ್ಲರನ್ನು ತಾತ್ಕಾಲಿಕವಾಗಿ ಕ್ಲ್ಯಾಂಪ್ ಹಾಕಿ ನಿಲ್ಲಿಸಿದ ಮೇಲೆ ಅವರು ಹೇಳಿದ ಮಾತು ಹೀಗಿತ್ತು: “ಸರ, ಇಲ್ಲಿ ನಿಂತು ರೇಸ್ ಮಾಡಿದ್ರ ಎಲ್ಲಾ ಸೈಲೆನ್ಸರೂ ಚಲೋನ ಕೇಳಸ್ತಾವ. ಗ್ಲಾಸ್ ಏರಿಸ್ಕೊಂಡು ಸಿರುಗುಪ್ಪ ರೋಡಿಗೆ ಹೋಗಿ ಬರ್ರಿ, ಮನಿಯಾಗಿನವರ್ನ ಹಿಂದ ಕುಂದ್ರಿಸ್ಕೊಂಡು ಹೋಗ್ರಿ. ಆಮ್ಯಾಲೆ ವೆಲ್ಡಿಂಗ್ ಮಾಡೋಣ.” ಅಂಗಡಿಯವರೇ ಹೀಗೆ ಹೇಳುವುದು ಅಪರೂಪ. ಹೋಗಿ ಬಂದೆ. ಮೊರೆತ ಇತ್ತು, ಅದೂ ನಾನು ಓಡಿಸುವ ವೇಗದಲ್ಲಿಯೇ.

ಅದಕ್ಕೆ ಅವರು ಮಾಡಿದ ಪರಿಹಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕೆಲಸ ತಿಳಿದವರು ನಮ್ಮ ಕಡೆ ಕಡಿಮೆ. ಮುಖ್ಯ ಪೈಪಿಗೆ ಪಕ್ಕದಿಂದ ಇನ್ನೊಂದು ಪೈಪನ್ನು ಬೆಸೆದು, ಅದರ ಇನ್ನೊಂದು ತುದಿಯನ್ನು ಮುಚ್ಚಿಬಿಡುತ್ತಾರೆ. ಹೊಗೆ ಅದರ ಮೂಲಕ ಎಲ್ಲಿಗೂ ಹೋಗುವುದಿಲ್ಲ. ಶಬ್ದದ ಅಲೆ ಮಾತ್ರ ಒಳಹೊಕ್ಕು, ಮುಚ್ಚಿದ ತುದಿಗೆ ಬಡಿದು ಮರಳುತ್ತದೆ. ಪೈಪಿನ ಉದ್ದ ಅಲೆಯ ಉದ್ದದ ಕಾಲುಭಾಗ ಇದ್ದರೆ, ಮರಳಿದ ಅಲೆ ಮುಖ್ಯ ಪೈಪಿನಲ್ಲಿರುವ ಅಲೆಗೆ ಸರಿಯಾಗಿ ಎದುರಾಗಿ ನಿಂತು ಅದನ್ನು ಅಳಿಸುತ್ತದೆ. 67 ಹರ್ಟ್ಸ್‌ಗೆ ಈ ಪೈಪಿನ ಉದ್ದ ಒಂದೂವರೆ ಮೀಟರಿಗೂ ಮಿಗಿಲಾಗುತ್ತದೆ; ಬಿಸಿ ಹೊಗೆಯಲ್ಲಿ ಶಬ್ದ ಹೊರಗಿನ ಗಾಳಿಗಿಂತ ಹೆಚ್ಚು ವೇಗವಾಗಿ ಚಲಿಸುವುದರಿಂದ ಉದ್ದವನ್ನು ಬೆಳೆಸಲೇಬೇಕು. ಕಾರಿನಲ್ಲಿ ಇಷ್ಟು ಉದ್ದಕ್ಕೆ ಜಾಗ ಸಿಗುವುದು ಕಷ್ಟ. ಪಿಕಪ್ಪಿನ ಏಣಿಯಂಥ ಚಾಸಿಸ್ಸಿನಲ್ಲಿ ಒಂದು ಬದಿಯ ಉದ್ದಕ್ಕೂ ಅದನ್ನು ಮಲಗಿಸಲು ಬರುತ್ತದೆ. ಮೇಸ್ತ್ರಿಯವರು ಮುಚ್ಚುವ ತುದಿಯನ್ನು ಮೊದಲು ಬೆಸೆಯದೆ, ಜಾರುವ ಮುಚ್ಚಳ ಇಟ್ಟು, ಉದ್ದವನ್ನು ಹಿಂದೆ ಮುಂದೆ ಮಾಡಿ, ಗಾಡಿ ಓಡಿಸಿ ಕೇಳಿ, ಮೊರೆತ ಅಡಗಿದ ಜಾಗದಲ್ಲಿ ಗುರುತು ಹಾಕಿ ಆಮೇಲೆ ಬೆಸೆದರು. ಮೊರೆತ ಪೂರ್ತಿ ಹೋಗಿಲ್ಲ, ಆದರೆ ಮಾತುಕತೆಗೆ ಅಡ್ಡಿಯಾಗದಷ್ಟು ತಗ್ಗಿದೆ. ಆಕ್ಸಿಲರೇಟರ್ ಒತ್ತಿದಾಗ ದನಿ ಬರುತ್ತದೆ, ಬಿಟ್ಟಾಗ ಸುಮ್ಮನಾಗುತ್ತದೆ. ನನಗೆ ಬೇಕಾದದ್ದು ಇದೇ. ಈ ಒಂದು ಕೆಲಸಕ್ಕಾಗಿಯೇ ನಾನು ಆ ಅಂಗಡಿಯನ್ನು ಎತ್ತಿ ಹೇಳುತ್ತೇನೆ.

ಗುಂಡಿ ಒತ್ತಿದರೆ ತೆರೆದು ಮುಚ್ಚುವ ಕವಾಟದ ಸೈಲೆನ್ಸರನ್ನೂ ಒಬ್ಬರು ತೋರಿಸಿದರು. ಊರೊಳಗೆ ಮುಚ್ಚಿ, ಹೊರಗೆ ತೆರೆಯಬಹುದು ಎಂಬುದು ಅದರ ಆಕರ್ಷಣೆ. ಆದರೆ ಡೀಸೆಲ್ ಮಸಿಗೆ ಕವಾಟ ಅಂಟಿಕೊಳ್ಳುತ್ತದೆ, ಎರೆಮಣ್ಣಿನ ಕೆಸರು ಮೋಟಾರಿಗೆ ಮೆತ್ತುತ್ತದೆ. ಗದ್ದೆ ಕಡೆ ಇಳಿಯುವ ಗಾಡಿಗೆ ಇದು ಬೇಡ.

ಲೋಹದ ಆಯ್ಕೆಯಲ್ಲಿ ಮೋಸ ಸುಲಭವಾಗಿ ನಡೆಯುತ್ತದೆ. ಉಕ್ಕು ಕಾಯಿಸುವ ಜಿಲ್ಲೆಯಲ್ಲಿದ್ದೂ ನಾವು ಪೈಪ್ ಕೊಳ್ಳುವಾಗ ‘ಎಸ್.ಎಸ್.’ ಎಂಬ ಒಂದೇ ಮಾತಿಗೆ ಒಪ್ಪಿಬಿಡುತ್ತೇವೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ದರ್ಜೆಗಳಿವೆ. ಸೈಲೆನ್ಸರಿಗೆ ಹೆಚ್ಚಾಗಿ ಬಳಸುವುದು 409 ಮತ್ತು 304. 409ರಲ್ಲಿ ಕ್ರೋಮಿಯಂ ಸುಮಾರು 11 ಶೇಕಡ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಬಿಸಿಗೆ ಚೆನ್ನಾಗಿ ತಾಳುತ್ತದೆ. 304ರಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ ಸುಮಾರು 8 ಶೇಕಡ. ಹೊಳಪು ಉಳಿಯುತ್ತದೆ, ಬೆಲೆ ಹೆಚ್ಚು. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ‘ನೋಡಿ, ಅಂಟಲಿಲ್ಲ, ಇದು 304’ ಎಂದು ತೋರಿಸುತ್ತಾರೆ. ಆ ಪರೀಕ್ಷೆಯನ್ನು ನಂಬಬಾರದು. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200ರ ಸರಣಿಯ ಅಗ್ಗದ ಸ್ಟೇನ್‌ಲೆಸ್ಸೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಗೇಟು, ಮೆಟ್ಟಿಲಿನ ಕಂಬಿಗೆ ಬಳಸುವುದು ಹೆಚ್ಚಾಗಿ ಅದೇ ಪೈಪು. ಸೈಲೆನ್ಸರಿಗೆ ಹಾಕಿದರೆ ಬೆಸುಗೆಯ ಅಂಚಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಪೈಪಿನ ಮೇಲೆ ಅಚ್ಚಾದ ದರ್ಜೆಯನ್ನು ಕತ್ತರಿಸುವ ಮೊದಲೇ ಓದಬೇಕು, ಬಿಲ್ಲಿನಲ್ಲಿ ಅದನ್ನೇ ಬರೆಸಿಕೊಳ್ಳಬೇಕು. ಪೈಪಿನ ತಗಡಿನ ದಪ್ಪ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್ ಇರಲಿ. ಇದಕ್ಕಿಂತ ತೆಳುವಾದರೆ ಪೈಪೇ ಝಣಝಣಿಸಲು ತೊಡಗುತ್ತದೆ. ಬೆಸುಗೆ ಆರ್ಗಾನ್ ವೆಲ್ಡಿಂಗ್‌ನದೇ ಆಗಬೇಕು; ನನ್ನ ಗಾಡಿಯಲ್ಲಿ ಬೆಸುಗೆಯ ಗೆರೆ ಎಲ್ಲಿಯೂ ಕಿತ್ತಿಲ್ಲ, ತೂತು ಬಿಟ್ಟಿಲ್ಲ. ಬಾಗುಗಳನ್ನು ಮಾತ್ರ ಅಂಗಡಿಯವರು ಇನ್ನಷ್ಟು ಚೆನ್ನಾಗಿ ಮಾಡಬಹುದಿತ್ತು: ಒತ್ತಿ ಬಾಗಿಸಿದ ಕಡೆ ಪೈಪು ಒಳಕ್ಕೆ ಸೊಟ್ಟಗಾಗಿ ಹಾದಿ ಕಿರಿದಾಗುತ್ತದೆ. ಒಳಗೆ ಅಚ್ಚು ತೂರಿಸಿ ಬಾಗಿಸುವ ಯಂತ್ರ ಅವರಲ್ಲಿಲ್ಲ. ಸಿದ್ಧ ಬೆಂಡುಗಳನ್ನು ತರಿಸಿ ಬೆಸೆಯುವಂತೆ ನಾನು ಕೇಳಿದ್ದರಿಂದ ಕೆಲಸ ತಡವಾಯಿತು.

ಪೈಪಿನ ವ್ಯಾಸ ಎಷ್ಟಿರಬೇಕು ಎಂಬ ಚರ್ಚೆಯಲ್ಲಿ ಎಲ್ಲರೂ ಮೂರು ಇಂಚು ಎನ್ನುತ್ತಾರೆ. ಈ ಗಾತ್ರದ ಎಂಜಿನ್ನಿಗೆ ಎರಡೂವರೆ ಇಂಚು ಸಾಕು. ಸೈಲೆನ್ಸರ್ ಬದಲಿಸಿದರೆ ಎಳೆತ ಹೆಚ್ಚುತ್ತದೆ ಎಂಬ ಮಾತಿಗೂ ನನ್ನ ಗಾಡಿಯಲ್ಲಿ ಪುರಾವೆ ಸಿಗಲಿಲ್ಲ. ಟರ್ಬೊದ ಹಿಂದಿನ ತಡೆ ಕಡಿಮೆಯಾದರೆ ಟರ್ಬೊ ತಿರುಗಲು ಸ್ವಲ್ಪ ಅನುಕೂಲ ನಿಜ, ಆದರೆ ಇಂಧನದ ಲೆಕ್ಕ ಬದಲಾಗದೆ ಅಶ್ವಶಕ್ತಿ ಹೇಳಿಕೊಳ್ಳುವಷ್ಟು ಹೆಚ್ಚಲಾರದು. ಹಣ ಕೊಡುವುದು ದನಿಗೆ. ಅದನ್ನು ತಿಳಿದೇ ಕೊಡಬೇಕು.

ಪೈಪಿನ ತುದಿ ಎಲ್ಲಿ ಹೊರಬರುತ್ತದೆ ಎಂಬುದನ್ನು ನಮ್ಮ ಕಡೆಯವರು ಬೇರೆಲ್ಲರಿಗಿಂತ ಹೆಚ್ಚು ಯೋಚಿಸಬೇಕು. ಹಿಂದಿನ ಚಕ್ರದ ಮುಂದೆಯೇ ಪಕ್ಕಕ್ಕೆ ಪೈಪ್ ತಿರುಗಿಸುವುದು ಈಗಿನ ಶೋಕಿ. ಕೊಯ್ಲಿನ ಕಾಲದಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ರಸ್ತೆಗಳ ಅಂಚಿನಲ್ಲಿ ಒಣಹುಲ್ಲು ಬಿದ್ದಿರುತ್ತದೆ. ಗದ್ದೆಯೊಳಗೆ ನಿಲ್ಲಿಸಿದರೆ ಭತ್ತದ ಕೂಳೆ ಗಾಡಿಯ ಹೊಟ್ಟೆಗೆ ತಾಗುತ್ತದೆ. ರಾಯಚೂರು ಕಡೆ ಹತ್ತಿ ಅಂಡಿಗೆಗಳ ಪಕ್ಕದಲ್ಲಿಯೇ ಗಾಡಿ ನಿಲ್ಲಿಸಬೇಕಾಗುತ್ತದೆ. ಏರು ಹತ್ತಿ ಬಂದ ಗಾಡಿಯ ಪೈಪು ಎಷ್ಟು ಕಾದಿರುತ್ತದೆ ಎಂಬುದು ಮುಟ್ಟಿದವರಿಗೆ ಗೊತ್ತು. ಪಕ್ಕಕ್ಕೆ, ತಗ್ಗಿನಲ್ಲಿ ತೆರೆದ ಬಾಯಿ ಹುಲ್ಲಿನ ಮಟ್ಟಕ್ಕೇ ಇರುತ್ತದೆ. ಬೆಂಕಿ ಹೊತ್ತಲು ಬೇರೇನೂ ಬೇಕಿಲ್ಲ. ಹೊಗೆಯನ್ನು ಕೆಳಕ್ಕೂ ಎಡಕ್ಕೂ ಬಿಡಬಾರದು ಎಂಬುದು ಅದೇ ಕೇಂದ್ರ ಮೋಟಾರು ವಾಹನ ನಿಯಮಗಳ 112ನೇ ನಿಯಮದ ಮೂಲ ಆಶಯ; ಇಂಧನದ ಕೊಳವೆಗೂ ಹೊಗೆಯ ಪೈಪಿಗೂ 35 ಮಿಲಿಮೀಟರಿಗಿಂತ ಹತ್ತಿರ ಬರಬಾರದೆಂದು 113ನೇ ನಿಯಮ ಹೇಳುತ್ತದೆ. ಪಕ್ಕದ ಬಾಯಿಯಿಂದ ಹೊಗೆ ಹಿಂದಿನ ಕಿಟಕಿಯ ಮೂಲಕ ಒಳಬರುತ್ತದೆ ಎಂಬುದನ್ನೂ ಮರೆಯಬಾರದು. ಆಕ್ಸಲ್ ಮೇಲಿಂದ ಹಾಯಿಸಿ ಸರಕು ಹೇರುವ ತೊಟ್ಟಿಯ ಹಿಂಬದಿಯವರೆಗೂ ಒಯ್ಯುವುದೇ ಸರಿ.

ಆಕ್ಸಲ್ ಮೇಲಿಂದ ಹಾಯಿಸುವಾಗ ಇನ್ನೊಂದು ಸಂಗತಿಯನ್ನು ನೋಡಬೇಕು. ಖಾಲಿ ಗಾಡಿಯಲ್ಲಿ ಪೈಪಿಗೂ ಆಕ್ಸಲಿಗೂ ಕೈ ಹೊಕ್ಕುವಷ್ಟು ಜಾಗ ಕಾಣುತ್ತದೆ. ತೊಟ್ಟಿಯಲ್ಲಿ ಪಂಪ್‌ಸೆಟ್, ಗೊಬ್ಬರದ ಚೀಲ ಹೇರಿದರೆ ಸ್ಪ್ರಿಂಗ್ ಪಟ್ಟಿಗಳು ಕುಗ್ಗಿ ಆ ಜಾಗ ಬೆರಳಿನಷ್ಟಾಗುತ್ತದೆ. ಹಂಪ್ ಹಾರಿದರೆ ಅದೂ ಇರುವುದಿಲ್ಲ. ನನ್ನ ಗಾಡಿಗೆ ಮೇಸ್ತ್ರಿಯವರು ಮೊದಲು ತೊಟ್ಟಿಯಲ್ಲಿ ಮರಳು ಚೀಲಗಳನ್ನು ಹೇರಿ, ಪಟ್ಟಿ ಕುಗ್ಗಿದ ಸ್ಥಿತಿಯಲ್ಲಿ ಅಳತೆ ತೆಗೆದುಕೊಂಡು ಆಮೇಲೆ ಪೈಪನ್ನು ಕೂರಿಸಿದರು. ಕೆಳಗೆ ತೂಗುವ ಸ್ಟೆಪ್ನಿ ಟೈರಿನ ಬದಿಗೆ ತಗಡಿನ ತಡೆ ಹಾಕಿದರು. ಖಾಲಿ ಗಾಡಿಯಲ್ಲಿ ಅಳತೆ ತೆಗೆಯುವ ಅಂಗಡಿಗೆ ಪಿಕಪ್ ಕೊಡಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಬಿಎಸ್–6 ಗಾಡಿ, ಅಂದರೆ 2020ರ ಏಪ್ರಿಲ್ 1ರ ನಂತರ ನೋಂದಣಿಯಾದ ಗಾಡಿ ಇರುವವರಿಗೆ ಒಂದು ಗಟ್ಟಿ ಎಚ್ಚರಿಕೆ. ಎಂಜಿನ್ ಕಡೆಯಿಂದ ಬರುವ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಮಸಿ ಹಿಡಿಯುವ ಡಿಪಿಎಫ್ ಪೆಟ್ಟಿಗೆಯನ್ನು ಮುಟ್ಟಗೊಡಬಾರದು. ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಗಾಡಿಯೇ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಸುಡುತ್ತದೆ. ಅದರ ಎರಡು ಬದಿಯ ಒತ್ತಡವನ್ನೂ ಬಿಸಿಯನ್ನೂ ಅಳೆಯುವ ಸೆನ್ಸರುಗಳಿರುತ್ತವೆ. ಅದನ್ನು ತೆಗೆದರೆ ಅಥವಾ ಒಳಗನ್ನು ಕೆರೆದು ಖಾಲಿ ಮಾಡಿದರೆ ಮೀಟರಿನಲ್ಲಿ ದೀಪ ಹತ್ತಿ ಗಾಡಿ ಎಳೆಯುವುದನ್ನೇ ನಿಲ್ಲಿಸುತ್ತದೆ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳಬಹುದು. ದನಿಯ ಕೆಲಸ ಏನಿದ್ದರೂ ಅದರ ಹಿಂದಿನ ಪೈಪಿನಲ್ಲಿ ಮಾತ್ರ. ಬಿಎಸ್–4 ಗಾಡಿಯಲ್ಲೂ ಕನ್ವರ್ಟರ್ ಇರುತ್ತದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ ಲೇಪನ ಇರುವುದರಿಂದ ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ. ನಾನು ವಿಚಾರಿಸಿದ ಒಂದು ಅಂಗಡಿಯವರು ‘ಕನ್ವರ್ಟರ್ ನಮಗೆ ಬಿಡಿ, ಮಫ್ಲರಿನ ದುಡ್ಡು ಕಡಿಮೆ ಮಾಡುತ್ತೇವೆ’ ಎಂದರು. ಅಂಥ ರಿಯಾಯಿತಿ ಗ್ರಾಹಕರಿಗೆ ನಷ್ಟ, ಊರಿನ ಗಾಳಿಗೂ ನಷ್ಟ.

ಕಾನೂನಿನ ಮಾತನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಸೈಲೆನ್ಸರ್ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಲ್ಲ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ. ಆದರೆ 190ನೇ ಕಲಮಿನ 2ನೇ ಉಪಕಲಮು ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿಗೆ ನೇರವಾಗಿ ಅನ್ವಯಿಸುತ್ತದೆ: 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಬೈಕುಗಳ ಕರ್ಕಶ ಸೈಲೆನ್ಸರ್‌ಗಳನ್ನು ಬಿಚ್ಚಿಸಿ ರೋಡ್ ರೋಲರ್ ಹರಿಸಿದ್ದಾರೆ. ಹಳದಿ ಫಲಕದ ಬೊಲೆರೊ ಪಿಕಪ್ ಇರುವವರು ಇನ್ನೂ ಎಚ್ಚರದಿಂದಿರಬೇಕು. ಅವರ ಗಾಡಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ತಪಾಸಣೆಗೆ ನಿಲ್ಲಬೇಕು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮಫ್ಲರ್ ಇರುವ, ಮೂಲದ್ದಕ್ಕಿಂತ ದಪ್ಪವಾದ ಆದರೆ ಕಿರುಚದ ದನಿಯವರೆಗೆ ಮಾತ್ರ ಹೋಗಬೇಕು. ಅಷ್ಟಾದರೂ ತಡೆದು ಕೇಳುವ ಅಧಿಕಾರಿಯ ಮುಂದೆ ಉತ್ತರಿಸುವ ಹೊಣೆ ಮಾಲೀಕನದೇ ಎಂಬುದನ್ನು ಒಪ್ಪಿಕೊಂಡು ಹಾಕಿಸಬೇಕು.

ನೆರೆಹೊರೆಯವರ ವಿಷಯ ಕಾನೂನಿಗಿಂತ ನನಗೆ ಹೆಚ್ಚು ಮುಖ್ಯ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಮಿತಿ ಹಾಕಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಅದು 50 ಮತ್ತು 40. ಬಳ್ಳಾರಿಯಲ್ಲಿ ಬೇಸಿಗೆ ರಾತ್ರಿ ಎಷ್ಟೋ ಮನೆಗಳವರು ಮಾಳಿಗೆಯ ಮೇಲೆ ಮಲಗುತ್ತಾರೆ. ಅವರಿಗೂ ನಮ್ಮ ಗಾಡಿಗೂ ನಡುವೆ ಗೋಡೆಯೂ ಇರುವುದಿಲ್ಲ. ತಗ್ಗಿದ ಸ್ಥಾಯಿಯ ದನಿ ಗೋಡೆಗಳನ್ನೂ ದಾಟುತ್ತದೆ. ದುರ್ಗಮ್ಮ ಗುಡಿಯ ಅಂಡರ್‌ಬ್ರಿಡ್ಜ್ ಒಳಗೆ ಬೇಕೆಂದೇ ಆಕ್ಸಿಲರೇಟರ್ ಒತ್ತುವವರು, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯ ಮುಂದೆ ಅಬ್ಬರಿಸಿ ಹೋಗುವವರು ನಮ್ಮಂಥ ಆಸಕ್ತರೆಲ್ಲರಿಗೂ ಕೆಟ್ಟ ಹೆಸರು ತರುತ್ತಿದ್ದಾರೆ. ಓಡಿಸುವವರ ಕಿವಿಯೂ ಲೆಕ್ಕಕ್ಕಿದೆ: ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಸುರಕ್ಷಿತ ಮಿತಿ ಎಂದು ಪರಿಗಣಿಸುವ ಅಳತೆಯಲ್ಲಿ, ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ.

ಅಂಗಡಿಯ ಬಗ್ಗೆ ಉಳಿದ ಮಾತು. ಕೆಲಸ ಹೇಳಿದ ದಿನಕ್ಕೆ ಮುಗಿಯಲಿಲ್ಲ. ಫೋನ್ ಮಾಡಿದರೆ ‘ನಾಳಿ ಬರ್ರಿ’ ಎಂಬ ಉತ್ತರವೇ ಹೆಚ್ಚು ಸಲ ಸಿಕ್ಕಿತು. ಕೂರಲು ನೆರಳಿಲ್ಲ. ಬಿಲ್ ಕೇಳಿದ ಮೇಲೆಯೇ ಬರೆದುಕೊಟ್ಟರು. ಆದರೆ ಕೈಕೆಲಸ ಪ್ರಾಮಾಣಿಕವಾದದ್ದು, ಹೇಳಿದ ಲೋಹವನ್ನೇ ಹಾಕಿದರು, ಪೇಟೆಯಿಂದ ತರಿಸುವ ಸಿದ್ಧ ಸೆಟ್ಟಿಗೆ ಕೇಳುವ ಹಣದ ಅರ್ಧಕ್ಕಿಂತ ಕಡಿಮೆಯಲ್ಲಿ ನನ್ನ ಗಾಡಿಗೇ ಅಳತೆ ಮಾಡಿದ ವಸ್ತು ಸಿಕ್ಕಿತು. ಪೈಪು ಕಾದು ತಣಿದು ಹೊಂದಿಕೊಂಡ ಮೇಲೆ ಕ್ಲ್ಯಾಂಪ್‌ಗಳನ್ನು ಮತ್ತೆ ಬಿಗಿ ಮಾಡಿಸಲು ಕರೆದು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಹೊಸದು ಹಾಕಿಸುವವರಿಗೆ ನನ್ನ ಕೊನೆಯ ಸಲಹೆ ಎಂದರೆ, ಕನ್ವರ್ಟರಿನ ಹಿಂದಿನ ಕೂಡುಗೆಯನ್ನು ಬೆಸೆಯದೆ ಫ್ಲ್ಯಾಂಜ್, ಗ್ಯಾಸ್ಕೆಟ್, ಬೋಲ್ಟ್ ಹಾಕಿಸಿ ಕೂರಿಸಲು ಹೇಳಿ, ಕಂಪನಿಯ ಹಳೆಯ ಸೈಲೆನ್ಸರನ್ನು ಗುಜರಿಗೆ ಬಿಡದೆ ಮನೆಗೆ ತನ್ನಿ. ಹೊಸದು ಒಗ್ಗದಿದ್ದರೂ, ಗಾಡಿ ಮಾರುವಾಗ ಕೊಳ್ಳುವವರಿಗೆ ಮೂಲದ್ದೇ ಬೇಕೆನಿಸಿದರೂ, ಹಳೆಯದನ್ನು ಕತ್ತರಿಸದೆ ಬೆಸೆಯದೆ ಮತ್ತೆ ಅದೇ ಜಾಗಕ್ಕೆ ಹಾಕಬಹುದು.